ಅಪ್ಪು ಅಂದರೆ ಹೌದು

ಪೆರ್ಲದ ತಮ್ಮನಿಗೆ,

ನಿನ್ನ ಪತ್ರ ಓದಿದೆ. ಜರ್ಮನಿಯ ಸ್ಟಟ್‌ಗಾರ್ಟಿಗೆ ಬಂದು ಏಳು ವಾರ ಆಯಿತು ಅಂತ ಬರೆದಿದ್ದೀ. ಚಳಿ ಹೇಗೆ ತಡೆಯುವುದು, ಊಟಕ್ಕೆ ಏನು ಮಾಡುವುದು, ಕಾಗದಪತ್ರದಲ್ಲಿ ಯಾವುದು ಮೊದಲು ಅಂತ ಮೂರು ಪ್ರಶ್ನೆ. ನಾಲ್ಕನೆಯದನ್ನು ಮಾತ್ರ ಕೊನೆಯ ಸಾಲಿನಲ್ಲಿ ಮೆಲ್ಲ ತುರುಕಿದ್ದೀ: "ಅಕ್ಕಾ, ಕ್ಲಾಸಿನಲ್ಲಿ ಒಬ್ಬಳು ಇದ್ದಾಳೆ. ಇಲ್ಲಿಯವಳೇ. ಡಿಸೆಂಬರಿನಲ್ಲಿ ನನ್ನ ಜೊತೆ ಊರು ನೋಡಲು ಬರುತ್ತಾಳಂತೆ. ನೀವು ಇಲ್ಲಿಯವರನ್ನೇ ಮದುವೆಯಾದವರಲ್ವಾ, ಮನೆಯಲ್ಲಿ ಹೇಗೆ ಹೇಳುವುದು?"

ಮೊದಲ ಮೂರು ನೆಪ ಅಂತ ಗೊತ್ತಾಯಿತು ಮಾರಾಯ. ಏಳೇ ವಾರ! ನನಗೆ ಮೂರು ವರ್ಷ ಹಿಡಿದಿತ್ತು.

ನೆಪಗಳಿಗೆ ಬೇಗ ಉತ್ತರ ಹೇಳಿ ಮುಗಿಸುತ್ತೇನೆ. ಜಾಕೆಟ್ ಇಲ್ಲೇ ತೆಗೆದುಕೋ, ಊರಿನಿಂದ ತಂದ ಸ್ವೆಟರ್ ಮನೆಯೊಳಗೆ ಹಾಕು. ಮನೆ ಹಿಡಿದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು. ಅದು ಆಗಿದೆ ಅಂದುಕೊಂಡಿದ್ದೇನೆ. ಆರೋಗ್ಯ ವಿಮೆಯ ಕಂತು ತಪ್ಪಿಸಬೇಡ. ಖಾಲಿ ನೀರಿನ ಬಾಟಲಿ ಎಸೆಯಬೇಡ, ಅಂಗಡಿಗೆ ಹಿಂದೆ ಕೊಟ್ಟರೆ ಒಂದಕ್ಕೆ 25 ಸೆಂಟ್ ಬರುತ್ತದೆ. ಕುಚ್ಚಿಲಕ್ಕಿ ಶ್ರೀಲಂಕಾದವರ ಅಂಗಡಿಯಲ್ಲಿ ಹುಡುಕು. ಭಾಷೆ ಕಲಿ. ಇಂಗ್ಲಿಷಿನಲ್ಲಿ ಎರಡು ವರ್ಷ ಓದಬಹುದು, ಬದುಕಲು ಆಗುವುದಿಲ್ಲ.

ಇನ್ನು ನಾಲ್ಕನೆಯದು. ಅದಕ್ಕೆ ನಾನು ಬಂದ ಕಾಲಕ್ಕೆ ಹೋಗಬೇಕು.

2004ರ ಸೆಪ್ಟೆಂಬರ್ ಕೊನೆ. ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಹೊರಟವಳು ಇಲ್ಲಿ ಇಳಿದದ್ದು ಶನಿವಾರ ರಾತ್ರಿ. ಮರುದಿನ ಅಂಗಡಿಗೆ ಹೋದರೆ ಇಡೀ ಬೀದಿ ಮುಚ್ಚಿದೆ. ಹರತಾಳ ಅಂದುಕೊಂಡೆ. ಕೇರಳದವರಿಗೆ ಬೇರೆ ಏನು ಹೊಳೆಯುತ್ತದೆ ಹೇಳು! ಇಲ್ಲಿ ಭಾನುವಾರ ಅಂಗಡಿ ತೆರೆಯುವುದೇ ಇಲ್ಲ ಅಂತ ಯಾರೂ ಹೇಳಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಅವಲಕ್ಕಿಗೆ ಬೆಲ್ಲ ಹಾಕಿ ತಿಂದು, ಕಿಟಕಿ ಹತ್ತಿರ ಕೂತು ಅತ್ತೆ.

ಎರಡು ವಾರ ಕಳೆದ ಮೇಲೆ ನನ್ನ ಬಾಗಿಲಿನ ಹಿಡಿಗೆ ಒಂದು ಮರದ ಹಲಗೆ ನೇತಾಡುತ್ತಿತ್ತು. ಅದರ ಮೇಲೆ ಚಂದದ ಅಕ್ಷರದಲ್ಲಿ 'ಕೇರ್‌ವೋಖೆ' ಅಂತ. ಯಾರದೋ ಮನೆಯ ಹೆಸರು ತಪ್ಪಿ ಬಂದಿದೆ ಅಂದುಕೊಂಡು ಎದುರುಮನೆಯ ಬಾಗಿಲಿಗೆ ನೇತುಹಾಕಿದೆ. ಮರುದಿನ ಅದು ನನ್ನ ಬಾಗಿಲಲ್ಲಿ. ಮತ್ತೆ ಅಲ್ಲಿಗೆ ಹಾಕಿದೆ. ಮತ್ತೆ ಇಲ್ಲಿಗೆ ಬಂತು. ಹೀಗೆ ಐದು ದಿನ. ಆರನೆಯ ದಿನ ಎದುರುಮನೆಯ ಹುಡುಗ ಕೈಯಲ್ಲಿ ಪೊರಕೆ ಹಿಡಿದು ಬೆಲ್ ಒತ್ತಿದ. ಈ ಸ್ವಾಬಿಯಾ ಸೀಮೆಯಲ್ಲಿ ಮೆಟ್ಟಿಲು ಗುಡಿಸುವ ಸರದಿ ಯಾರದೋ ಅವರ ಬಾಗಿಲಿಗೆ ಆ ಹಲಗೆ ಬರುತ್ತದಂತೆ. "ನೀವು ನನಗೆ ಒಂದು ವಾರ ಜಾಸ್ತಿ ಗುಡಿಸಿಸಿದ್ದೀರಿ" ಅಂದ. ನಗಲಿಲ್ಲ. ಇವರು ತಮಾಷೆ ಮಾಡುವಾಗಲೂ ನಗುವುದಿಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ. ನಾನು ಪೊರಕೆ ಕಸಿದುಕೊಂಡು ನಾಲ್ಕು ಮಾಳಿಗೆ ಗುಡಿಸಿದೆ. ಬಗ್ಗಿ ಗುಡಿಸುವುದನ್ನು ಅವನು ನಿಂತು ನೋಡಿದ. ಉದ್ದ ಕೋಲಿನ ಪೊರಕೆಯನ್ನು ಹಿಡಿಸೂಡಿಯ ಹಾಗೆ ಗಿಡ್ಡ ಹಿಡಿದಿದ್ದೆ, ಅಷ್ಟೇ. ಅದರಲ್ಲಿ ಏನು ಚಂದ ಕಂಡಿತೋ.

ಅವನು ನನ್ನನ್ನು ಮನೆಗೆ ಕರೆದುಕೊಂಡು ಹೋದ ಮೊದಲ ದಿನದ ಕಥೆ ಕೇಳು. ಅವನ ಅಮ್ಮ ಎರಡನೆಯ ಸಲ ಬಡಿಸಲು ಬಂದರು. ನಾನು ಮರ್ಯಾದೆಯಲ್ಲಿ 'ಡಾಂಕೆ' ಅಂದೆ. ಬಡಿಸುವಾಗ ಬರೀ ಡಾಂಕೆ ಅಂದರೆ ಇಲ್ಲಿ 'ಸಾಕು' ಅಂತ ಅರ್ಥ. ಪಾತ್ರೆ ಹಿಂದೆ ಹೋಯಿತು. ಸರಿ, ಇನ್ನೊಮ್ಮೆ ಕೇಳುತ್ತಾರೆ ಅಂತ ಕಾದೆ. ನಮ್ಮಲ್ಲಿ ಬೇಡ ಬೇಡ ಅಂದರೂ ಮೂರು ಸಲ ಒತ್ತಾಯ ಮಾಡುವುದಿಲ್ವಾ? ಇಲ್ಲಿ ಬೇಡ ಅಂದರೆ ಬೇಡ. ಹಸಿದ ಹೊಟ್ಟೆಯಲ್ಲಿ ರೈಲು ಹತ್ತಿದೆ.

ಅದಕ್ಕೆ ಸಮ ಸೇಡು ನಮ್ಮ ಮನೆಯಲ್ಲಿ ಆಯಿತು. ಬಟ್ಟಲಲ್ಲಿ ಏನೂ ಬಿಡಬಾರದು ಅಂತ ಕಲಿತು ಬೆಳೆದವನು ಅವನು. ಬಾಳೆಎಲೆ ಖಾಲಿಯಾದರೆ ಬಡಿಸಬೇಕು ಅಂತ ಬೆಳೆದವರು ನಮ್ಮವರು. ಅವನು ಮುಗಿಸಿದ, ಅವರು ಬಡಿಸಿದರು. ಮೇಲಾರ ಮೂರು ಸಲ, ಹೋಳಿಗೆ ಒಂಬತ್ತು. ಚಿಕ್ಕಪ್ಪನಿಗೆ ಬಹಳ ಖುಷಿ, "ಜನ ಒಳ್ಳೆಯದು, ಉಣ್ಣಲು ಗೊತ್ತಿದೆ" ಅಂದರು. ಸಂಜೆಯವರೆಗೂ ಅವನು ಚಾವಡಿಯಲ್ಲಿ ಅಲ್ಲಾಡದೆ ಬಿದ್ದಿದ್ದ.

ಅದು 2007ರ ಡಿಸೆಂಬರ್. ಅದಕ್ಕೆ ಮೊದಲು ಒಂದು ವರ್ಷ ಅವನು ಕನ್ನಡ ಕಲಿತಿದ್ದ, ಟ್ಯೂಬಿಂಗನ್ನಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂತು ಕಿಟ್ಟೆಲ್ ನಿಘಂಟು ಇಟ್ಟುಕೊಂಡು. ನಿನಗೆ ಗೊತ್ತಿರಬಹುದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟು ಮಾಡಿದ ಕಿಟ್ಟೆಲ್ ತೀರಿಕೊಂಡದ್ದು ಇದೇ ಟ್ಯೂಬಿಂಗನ್ನಿನಲ್ಲಿ, 1903ರಲ್ಲಿ. ಮಲಯಾಳದ ನಿಘಂಟು ಮಾಡಿದ ಗುಂಡರ್ಟ್ ಹುಟ್ಟಿದ್ದು ನೀನು ಈಗ ಇರುವ ಸ್ಟಟ್‌ಗಾರ್ಟಿನಲ್ಲಿ. ತುಳುವಿಗೂ ಮೆನ್ನರ್ ಅಂತ ಒಬ್ಬರು ಪಾದ್ರಿ 1886ರಲ್ಲಿ ಮಾಡಿಟ್ಟಿದ್ದಾರೆ. "ನಿನ್ನ ಊರಿನ ಮೂರು ಭಾಷೆಗೆ ನಮ್ಮವರ ನಿಘಂಟಿದೆ, ನನಗೆ ಏನು ಹೆದರಿಕೆ?" ಅಂತ ಜಂಬ ಕೊಚ್ಚುತ್ತಿದ್ದ.

ಕಾಸರಗೋಡು ಸ್ಟೇಷನ್ನಿನಲ್ಲಿ ಇಳಿದ. ಪೋರ್ಟರ್ ಮಲಯಾಳದಲ್ಲಿ ಕೇಳಿದ. ಜೀಪಿನವನು ತುಳುವಿನಲ್ಲಿ ಮಾತಾಡಿದ. ಹಣ್ಣಿನಂಗಡಿಯಲ್ಲಿ ಬ್ಯಾರಿ, ಔಷಧಿ ಅಂಗಡಿಯಲ್ಲಿ ಕೊಂಕಣಿ. ಸಪ್ತಭಾಷಾ ಸಂಗಮ ಅಂತ ನಾವು ಭಾಷಣದಲ್ಲಿ ಹೇಳುವುದು ಅವನ ತಲೆಯ ಮೇಲೆ ಒಟ್ಟಿಗೇ ಬಿತ್ತು. "ಕನ್ನಡ ಎಲ್ಲಿ?" ಅಂತ ಪಾಪ ಕೇಳಿದ. ಮನೆಗೆ ಬಂದರೆ ಅಲ್ಲಿ ನಮ್ಮ ಹವ್ಯಕರ ಮನೆಮಾತು, ಹವಿಗನ್ನಡ.

ಆದರೂ ಅಭ್ಯಾಸ ಮಾಡಿದ ವಾಕ್ಯ ಬಿಡಲಿಲ್ಲ. ಚಾವಡಿಯಲ್ಲಿ ಅಪ್ಪನ ಎದುರು ಎದ್ದು ನಿಂತು, "ಮಾನ್ಯರೇ, ನಾನು ತಮ್ಮ ಸುಪುತ್ರಿಯನ್ನು ವಿವಾಹವಾಗಲು ಇಚ್ಛಿಸುತ್ತೇನೆ" ಅಂದ. ನಾನು ಕಣ್ಣು ಮುಚ್ಚಿಕೊಂಡೆ. ಅಪ್ಪ ಮೂವತ್ತು ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಎಷ್ಟು ದೂರ! ಮುಖ ಅರಳಿತು. "ಭಾಷೆ ಶುದ್ಧ ಇದ್ದು, ಪ್ರಸಂಗದಿಂದ ಎದ್ದು ಬಂದ ಹಾಂಗೆ" ಅಂದರು. ಅಮ್ಮ ಬೆಲ್ಲ ನೀರು ಹಿಡಿದು ನಿಂತಿದ್ದವರು ತಲೆ ಅಲ್ಲಾಡಿಸಿದರು: "ಅಪ್ಪು, ಅಪ್ಪು."

ನಮಗೆ ಅಪ್ಪು ಅಂದರೆ ಹೌದು. ಕಿಟ್ಟೆಲ್ ಓದಿದವನಿಗೆ ಅಪ್ಪು ಅಂದರೆ ತಬ್ಬಿಕೋ. ಅದೂ ಎರಡು ಸಲ ಹೇಳಿದ್ದಾರೆ! ಅವನು ಎರಡು ಹೆಜ್ಜೆ ಇಟ್ಟು ಅಮ್ಮನನ್ನು ಅಪ್ಪಿಯೇ ಬಿಟ್ಟ. ಬೆಲ್ಲದ ತುಂಡು ಅಂಗಳದವರೆಗೆ ಉರುಳಿತು. ಅಮ್ಮ ಕಂಬದ ಹಾಗೆ ನಿಂತರು. ಅಪ್ಪನ ಎದುರು, ಅಜ್ಜಿಯ ಎದುರು, ಆ ಮನೆಯಲ್ಲಿ ಅಮ್ಮನನ್ನು ಯಾರೂ ಹಾಗೆ ಹಿಡಿದದ್ದಿಲ್ಲ. ಮೊದಲು ನಕ್ಕದ್ದು ಅಜ್ಜಿ. ಇವತ್ತಿಗೂ ಅಮ್ಮ ಫೋನಿನಲ್ಲಿ ಅಳಿಯನ ಹತ್ತಿರ 'ಹೌದು' ಅಂತಲೇ ಹೇಳುತ್ತಾರೆ. ಹವಿಗನ್ನಡದಲ್ಲಿ ಅಪಾಯ ಇದೆ ಅಂತ.

ಮದುವೆ 2008ರಲ್ಲಿ, ಮೊದಲು ಇಲ್ಲಿ ನೋಂದಣಿ. ಕಚೇರಿಯವರು ನನ್ನ ಕಾಗದ ನೋಡಿ ತಲೆ ಕೆರೆದರು. ಜನನ ಪತ್ರ ಮಲಯಾಳ, ಶಾಲೆಯದು ಕನ್ನಡ, ಹೆಸರಿನ ಹಿಂದೆ ಎರಡು ಇನಿಷಿಯಲ್, ಕುಟುಂಬದ ಹೆಸರು ಇಲ್ಲ. ಕನ್ನಡದವಳು ಅನ್ನುತ್ತೀರಿ, ಕಾಗದ ಬೇರೆ ಭಾಷೆಯಲ್ಲಿ ಯಾಕೆ ಅಂತ ಪ್ರಶ್ನೆ. ನಾನು 1956ರ ನವೆಂಬರ್ 1ರಿಂದ ಶುರು ಮಾಡಿದೆ. ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದದ್ದು, ಚಂದ್ರಗಿರಿ ಹೊಳೆಯ ಬಡಗು ಮೈಸೂರಿಗೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿದ್ದು, ಅದು ಅಲ್ಲಿಗೇ ನಿಂತದ್ದು. ಪೂರ್ಣಾವಧಿ ಕನ್ನಡ ಹೋರಾಟಗಾರ್ತಿಯ ಹಾಗೆ ಹೇಳಿದೆ. ಆ ಹೆಂಗಸು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ, "ಸರಿ, ಮಲಯಾಳದ ಅನುವಾದ ತನ್ನಿ" ಅಂದರು. ಕಾಗದ ಆರು ತಿಂಗಳು ಮೊದಲೇ ಶುರು ಮಾಡು, ಅಷ್ಟೇ ಹೇಳುತ್ತೇನೆ.

ಇಲ್ಲಿಯ ಮದುವೆಯ ಹಿಂದಿನ ಸಂಜೆ ನೆಂಟರು ಬಂದು ಪಿಂಗಾಣಿ ಒಡೆಯುತ್ತಾರೆ. ಮದುಮಕ್ಕಳು ಸೇರಿ ಗುಡಿಸಬೇಕು. ಫೋನಿನಲ್ಲಿ ಆ ಸದ್ದು ಕೇಳಿ ಅಮ್ಮ ಗಾಬರಿಯಾದರು. ನಮ್ಮಲ್ಲಿ ಮಡಕೆ ಒಡೆಯುವುದು ಯಾವಾಗ ಅಂತ ನಿನಗೆ ಹೇಳಬೇಕಾ! "ಕೈತಪ್ಪಿ ಬಿತ್ತಮ್ಮಾ" ಅಂದೆ. ಅತ್ತೆ ಆ ಕಡೆಯಿಂದ, ನಿನ್ನ ಅಮ್ಮ ಏನಂದರು ಅಂತ ಕೇಳಿದರು. "ಶುಭಾಶಯ ಹೇಳಿದರು" ಅಂದೆ.

ತಮ್ಮಾ, ನಾನು ಹೇಳಬೇಕಾದ್ದು ಇದನ್ನೇ. ಎರಡು ಮನೆಗೂ ದುಭಾಷಿ ನಾನೊಬ್ಬಳೇ. ಯಾರಿಗೂ ಬೇಜಾರಾಗಬಾರದು ಅಂತ ಎಲ್ಲ ಮಾತಿಗೂ ಸಕ್ಕರೆ ಹಾಕಿದೆ. ಅತ್ತೆ 'ಡೂ' ಅನ್ನು ಅಂತ ಹೇಳಿದರೂ ಅತ್ತೆಯನ್ನು 'ನೀನು' ಅನ್ನಲು ನಾಲಗೆ ತಿರುಗಲಿಲ್ಲ. ಎರಡು ವರ್ಷ ಅವರನ್ನು ಏನೂ ಕರೆಯದೆ ವಾಕ್ಯ ಕಟ್ಟಿದೆ. ಸೊಸೆಗೆ ನಾನು ಹಿಡಿಸಲಿಲ್ಲ ಅಂತ ಅವರು ಮಗನ ಹತ್ತಿರ ಅತ್ತಿದ್ದರಂತೆ. ಅದು ಸರಿಯಾಯಿತು, ಈಗ ಹೇಳಿ ನಗುತ್ತೇವೆ.

ಸರಿಯಾಗದ್ದು ಒಂದಿದೆ. ನೋಂದಣಿಯ ಮೇಲೆ ಊರಿನಲ್ಲಿ ಊಟ ಇಟ್ಟೆವು. ಬರಬೇಕಾದವರು ಕೆಲವರು ಬರಲಿಲ್ಲ, ಅದು ಇರಲಿ. ಸಂಜೆ ಅಪ್ಪ ನಮ್ಮಿಬ್ಬರನ್ನೂ ಅಡಿಕೆ ತೋಟಕ್ಕೆ ಕರೆದುಕೊಂಡು ಹೋದರು. ಗುಡ್ಡಕ್ಕೆ ಕೊರೆದ ಸುರಂಗದ ನೀರು ಬೀಳುವಲ್ಲಿ ನಿಂತು ಅವನನ್ನು ನೋಡಿ ಕೇಳಿದರು, "ಮುಂದೆ ಇವಳಿಗೆ ಊರಿನಲ್ಲೇ ಇರಬೇಕು ಅಂತ ಕಂಡರೆ ನೀನೂ ಬರುವೆಯಾ?" ಅವನಿಗೆ ಅಪ್ಪನ ಹವಿಗನ್ನಡ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದ. ನನಗೆ ನಾಚಿಕೆಯೋ ಹೆದರಿಕೆಯೋ. ಇಂಥ ಭಾರದ ಪ್ರಶ್ನೆ ಈಗ ಯಾಕೆ ಅಂತ, "ತೋಟ ಇಷ್ಟವಾಯಿತಾ ಅಂತ ಕೇಳುತ್ತಿದ್ದಾರೆ" ಅಂದೆ. ಅವನು ಕೈ ಎದೆಗಿಟ್ಟು, ತುಂಬಾ, ಇಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ ಅಂದ. ಅದನ್ನು ಮಾತ್ರ ನಾನು ಅಕ್ಷರಕ್ಕೆ ಅಕ್ಷರ ಅಪ್ಪನಿಗೆ ಹೇಳಿದೆ.

ಅಪ್ಪ ಅವನ ಭುಜ ಮುಟ್ಟಿದರು. ಆಮೇಲೆ ಊರಿನವರ ಹತ್ತಿರ, "ಅಳಿಯ ಮಾತು ಕೊಟ್ಟಿದ್ದಾನೆ" ಅಂತ ಹೇಳುತ್ತಿದ್ದರಂತೆ. ತೋಟದ ಪಡುಬದಿಯ ಜಾಗ ಮಾರಲು ಬಿಡಲಿಲ್ಲ, ಅವರು ಬಂದು ಮನೆ ಕಟ್ಟಲಿ ಅಂತ.

2016ರಲ್ಲಿ ಅಪ್ಪ ತೀರಿಕೊಂಡರು. ಹದಿಮೂರರ ದಿನ ನನ್ನ ಒಡಹುಟ್ಟಿದ ತಮ್ಮ ಆ ಜಾಗದ ವಿಷಯ ಎತ್ತಿದ. ಆ ರಾತ್ರಿ ಗಂಡನಿಗೆ ನಿಜ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. ತುಂಬ ಹೊತ್ತು ಬಿಟ್ಟು, "ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಅಂತ ಈಗ ಯಾರಿಗೆ ಹೇಳಲಿ?" ಅಂದ. ನಾನು ಅವನನ್ನು ಇವತ್ತಿನವರೆಗೂ ಆ ಪ್ರಶ್ನೆ ಕೇಳಿಲ್ಲ. ಕೇಳಲು ಧೈರ್ಯ ಇಲ್ಲ. ಪಡುಬದಿಯಲ್ಲಿ ಈಗ ಕಾಡು ಬೆಳೆದಿದೆ.

ಡಿಸೆಂಬರಿನಲ್ಲಿ ನಿನ್ನ ಅಮ್ಮ ಅವಳನ್ನು ಏನಾದರೂ ಕೇಳುತ್ತಾರೆ. ಮಾಂಸ ತಿನ್ನುತ್ತಾಳಾ, ಜಾತಕ ಇದೆಯಾ, ಮಗನನ್ನು ಬಿಟ್ಟು ಹೋಗುವವಳಾ ಅಂತ. ಕೇಳಿದ್ದನ್ನು ಕೇಳಿದ ಹಾಗೆ ಹೇಳು. ಅವಳು ಹೇಳಿದ್ದನ್ನೂ ಹಾಗೇ ದಾಟಿಸು. ಜಗಳ ಆದರೆ ಅವರಿಬ್ಬರ ನಡುವೆ ಆಗಲಿ. ನೀನು ಬೇಕಾದರೆ ಹಟ್ಟಿಗೆ ಹೋಗಿ ಕೂತುಕೋ. ಮೊದಲು ನಿನ್ನ ಅಪ್ಪನಿಗೆ ಫೋನ್ ಮಾಡಿ ಅವಳು ಯಾರು ಅಂತ ಸರಿಯಾಗಿ ಹೇಳು. 'ಫ್ರೆಂಡ್' ಅಂತ ಕರೆದುಕೊಂಡು ಹೋಗಬೇಡ. ನಮ್ಮ ಊರಿನಲ್ಲಿ ಆ ಶಬ್ದವನ್ನು ಯಾರೂ ನಂಬುವುದಿಲ್ಲ.

ಅವಳಿಗೆ ಎಲೆಯಲ್ಲಿ ಸ್ವಲ್ಪ ಬಿಡಲು ಕಲಿಸು. ಅಪ್ಪು ಅಂದರೆ ಏನು ಅಂತಲೂ ಹೇಳಿಡು. ಮತ್ತೆ ಬರುವಾಗ ಪೆಟ್ಟಿಗೆಯಲ್ಲಿ ಜಾಗ ಇದ್ದರೆ ಒಂದು ಹಿಡಿಸೂಡಿ ತಾ. ಇಲ್ಲಿಯ ಪೊರಕೆ ಮೂಲೆಗೆ ತಾಗುವುದಿಲ್ಲ, ಜನವರಿಯ ಮೊದಲ ವಾರ ಹಲಗೆ ನಮ್ಮ ಬಾಗಿಲಲ್ಲಿ ಇರುತ್ತದೆ.

ಅಕ್ಕ