ಚೆರ್ರಿ ಬೆಳೆಸಿದ ಡಾಕ್ಟರು

ಪ್ರಶ್ನೆ: ಅಮೆರಿಕದ ಡಾಕ್ಟರೊಬ್ಬರು ಚೆರ್ರಿಯಲ್ಲಿ ಹೊಸ ತಳಿಗಳನ್ನು ಬೆಳೆಸಿ ಹೆಸರು ಮಾಡಿದ್ದರಂತೆ. ಯಾರವರು? ವೈದ್ಯವೃತ್ತಿ ಬಿಟ್ಟು ತೋಟಕ್ಕೆ ಇಳಿದರೇ?

ಉತ್ತರ: ಜೇರೆಡ್ ಪಾಟರ್ ಕರ್ಟ್‌ಲ್ಯಾಂಡ್ ಇರಬೇಕು. ನನಗೆ ತುಂಬಾ ಇಷ್ಟವಾದ ವ್ಯಕ್ತಿ, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಹುಟ್ಟಿದ್ದು 1793ರಲ್ಲಿ, ಕನೆಕ್ಟಿಕಟ್‌ನಲ್ಲಿ. ಅಜ್ಜನೂ ಡಾಕ್ಟರೇ. ಮರಗಿಡಗಳ ಹುಚ್ಚು ಬಂದದ್ದೂ ಅವರ ಮನೆಯಲ್ಲೇ. ಕಸಿ ಕಟ್ಟುವುದನ್ನು ಹುಡುಗನಿದ್ದಾಗಲೇ ಕಲಿತರು. ಯೇಲ್‌ನಲ್ಲಿ ವೈದ್ಯಕೀಯ ಓದಿ, 1823ರಲ್ಲಿ ಓಹಾಯೋಗೆ ಬಂದರು. ಆಮೇಲೆ ಕ್ಲೀವ್‌ಲ್ಯಾಂಡ್ ಪಕ್ಕದ ರಾಕ್‌ಪೋರ್ಟ್‌ನಲ್ಲಿ ತೋಟ ಮಾಡಿದರು.

ವೈದ್ಯಕೀಯವನ್ನು ಪೂರ್ತಿ ಬಿಡಲಿಲ್ಲ. 1843ರಲ್ಲಿ ಶುರುವಾದ ಕ್ಲೀವ್‌ಲ್ಯಾಂಡ್ ವೈದ್ಯಕೀಯ ಕಾಲೇಜನ್ನು ಕಟ್ಟಿದವರಲ್ಲಿ ಅವರೂ ಒಬ್ಬರು, ಅಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು. ತೋಟವೂ ಪಾಠವೂ ಜೊತೆಜೊತೆಗೇ ನಡೆದವು.

ನನಗೆ ಅವರಲ್ಲಿ ಮೆಚ್ಚುಗೆಯಾಗುವುದು ಆ ಕಣ್ಣು. ಹೊಳೆಯ ಕಪ್ಪೆಚಿಪ್ಪುಗಳನ್ನೇ ತೆಗೆದುಕೊಳ್ಳಿ. ಆಕಾರ ಬೇರೆ ಎಂದು ಬೇರೆ ಬೇರೆ ಜಾತಿ ಎಂದು ಹೆಸರಿಟ್ಟಿದ್ದ ಕೆಲವು, ಒಂದೇ ಜಾತಿಯ ಗಂಡು ಹೆಣ್ಣು ಅಷ್ಟೇ ಎಂದು 1834ರಲ್ಲಿ ಬರೆದರು. ಮೊದಲು ಜನ ಒಪ್ಪಲಿಲ್ಲ. ಅವರು ಹೇಳಿದ್ದೇ ನಿಜವಾಯಿತು.

ಅದೇ ಕಣ್ಣು ಚೆರ್ರಿಯ ಮೇಲೂ ಬಿತ್ತು. ‘ಯೆಲ್ಲೋ ಸ್ಪ್ಯಾನಿಷ್’ ಎಂಬ ಹಳೇ ತಳಿಯ ಬೀಜ ಹಾಕಿ ಸಸಿ ಮಾಡಿ, ಹಣ್ಣು ಬರುವವರೆಗೆ ಕಾದು, ಒಳ್ಳೆಯದನ್ನು ಆರಿಸಿದರು. 1842ರ ಹೊತ್ತಿಗೆ ಹೀಗೆ ಬಂದದ್ದೇ ‘ಗವರ್ನರ್ ವುಡ್’. ತಿಳಿ ಹಳದಿ ಮೈ, ಅದರ ಮೇಲೆ ಕೆಂಪು ಛಾಯೆ, ಮೆತ್ತನೆ ತಿರುಳು, ಒಳ್ಳೆ ಸಿಹಿ. ಮೆತ್ತಗಿರುವುದರಿಂದ ದೂರದ ಸಾಗಾಟಕ್ಕೆ ತಡೆಯದು. ಮರದಿಂದ ಕಿತ್ತು ಅಲ್ಲೇ ತಿನ್ನುವವರಿಗೆ ಅದು ಹೇಳಿಮಾಡಿಸಿದ ಹಣ್ಣು. ಇನ್ನೂ ಕೆಲವು ತಳಿಗಳಿಗೆ ಟೆಕಮ್ಸೆ, ಪೌಹಟನ್, ಓಸಿಯೋಲಾ ಎಂದು ಅಮೆರಿಕದ ಮೂಲನಿವಾಸಿ ನಾಯಕರ ಹೆಸರಿಟ್ಟರು.

ಪ್ರಶ್ನೆ: ಹಾಗಾದರೆ ‘ಗವರ್ನರ್ ವುಡ್’ ಹಣ್ಣಿನ ಬೀಜ ನೆಟ್ಟರೆ ಅದೇ ಹಣ್ಣು ಬರುತ್ತದಾ?

ಉತ್ತರ: ಬರಲ್ಲ. ಸಿಹಿ ಚೆರ್ರಿಯ ಹೆಚ್ಚಿನ ತಳಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ತನ್ನದೇ ತಳಿಯ ಪರಾಗ ಬಿದ್ದರೆ ಹೂವು ಅದನ್ನು ಗುರುತಿಸಿ, ಒಳಗೆ ಇಳಿಯದಂತೆ ತಡೆಯುತ್ತದೆ. ಹಾಗಾಗಿ ಪ್ರತಿ ಬೀಜಕ್ಕೂ ಇನ್ನೊಂದು ತಳಿಯ ತಂದೆ ಇರುತ್ತದೆ, ಪ್ರತಿ ಸಸಿಯೂ ಬೇರೆ. ಕರ್ಟ್‌ಲ್ಯಾಂಡ್‌ಗೆ ಹೊಸ ತಳಿ ಸಿಕ್ಕಿದ್ದೇ ಇದರಿಂದ, ಅಲ್ವಾ? ಒಳ್ಳೇದು ಸಿಕ್ಕ ಮೇಲೆ ಅದನ್ನು ಉಳಿಸಿಕೊಳ್ಳಲು ಇರುವ ದಾರಿ ಕಸಿ. ಒಂದು ಎಚ್ಚರ: ಕಸಿ ಮಾಡಿದ ಮರಗಳೆಲ್ಲ ಒಂದೇ ಮರದ ತುಂಡುಗಳು. ಒಂದೇ ತಳಿಯನ್ನು ಸಾಲಾಗಿ ನೆಟ್ಟರೆ ಹೂ ಬಿಡುತ್ತವೆ, ಕಾಯಿ ನಿಲ್ಲುವುದಿಲ್ಲ. ಅದೇ ಹೊತ್ತಿಗೆ ಹೂ ಬಿಡುವ, ಹೊಂದುವ ಬೇರೆ ತಳಿಯ ಮರ ಹತ್ತಿರವೇ ಇರಬೇಕು, ಜೇನ್ನೊಣಗಳೂ ಬೇಕು.