ಜರ್ಮನಿಗೆ ಮ್ಯಾನೇಜರ್ ಆಗಿ ಬರುತ್ತಿರುವ ನಿಮಗೆ

ಬೆಂಗಳೂರಿನಲ್ಲಿ ಟೀಮ್ ಲೀಡ್ ಆಗಿದ್ದೆ, ಈಗ ಸ್ಟುಟ್‌ಗಾರ್ಟ್‌ಗೆ ಮ್ಯಾನೇಜರ್ ಆಗಿ ಬರುತ್ತಿದ್ದೇನೆ, ಜರ್ಮನ್ನರು ನನ್ನ ಮಾತು ಕೇಳ್ತಾರಾ ಎಂದು ಕೇಳಿದ್ದೀರಿ. ಕೇಳುತ್ತಾರೆ. ಜೊತೆಗೆ ತಮಗೆ ಅನ್ನಿಸಿದ್ದನ್ನೂ ಹೇಳುತ್ತಾರೆ. ಎಲ್ಲರ ಎದುರೇ 'ಈ ಪ್ಲ್ಯಾನ್ ನಡೆಯಲ್ಲ' ಎಂದರೆ ಬೇಜಾರು ಮಾಡಿಕೊಳ್ಳಬೇಡಿ. ಯಾಕೆ ನಡೆಯಲ್ಲ ಎಂದು ಕೇಳಿ. ಹಾಗೆ ಹೇಳಿದವರೇ ಮೀಟಿಂಗ್ ಮುಗಿದ ಮೇಲೆ ನಿಮ್ಮ ಜೊತೆ ಕಾಫಿಗೆ ಬರುತ್ತಾರೆ.

ನನಗೆ ಇಲ್ಲಿ ತುಂಬಾ ಹಿಡಿಸಿದ್ದು ಬೇರೆ. ಬಾಸ್ ಸರಿಯಾಗಿ ಯೋಜನೆ ಮಾಡದಿದ್ದರೆ, ಅದಕ್ಕೆ ಟೀಮ್‌ನವರ ನಿದ್ದೆ ಕೆಡಿಸುವಂತಿಲ್ಲ. ಕಾನೂನಿನಲ್ಲಿ ದಿನಕ್ಕೆ 8 ಗಂಟೆ ಕೆಲಸ. 10ರವರೆಗೆ ಹೋಗಬಹುದು, ಆದರೆ ಮುಂದೆ ಸರಾಸರಿ 8ಕ್ಕೆ ಬರಲೇಬೇಕು. ಇವತ್ತಿನ ಕೆಲಸಕ್ಕೂ ನಾಳೆಯದಕ್ಕೂ ನಡುವೆ 11 ಗಂಟೆ ಬಿಡುವು. ರಾತ್ರಿ 10ಕ್ಕೆ ಅಮೆರಿಕದವರ ಜೊತೆ ಕಾಲ್ ಇಟ್ಟರೆ ಬೆಳಿಗ್ಗೆ 8ಕ್ಕೆ ನಿಮ್ಮ ಟೀಮ್‌ನವರನ್ನು ಮತ್ತೆ ಕೆಲಸಕ್ಕೆ ಕೂರಿಸುವಂತಿಲ್ಲ. 'ಬೆಟ್ರೀಬ್ಸ್‌ರಾಟ್' ಎಂದು ನೌಕರರೇ ಆರಿಸಿದ ಸಮಿತಿ ಇರುತ್ತದೆ. ಅದಿರುವ ಕಡೆ ಓವರ್‌ಟೈಮ್‌ಗೂ ಆ ಸಮಿತಿಯವರ ಒಪ್ಪಿಗೆ ಬೇಕು. ಅವರ ಅಭಿಪ್ರಾಯ ಕೇಳದೆ ಯಾರನ್ನಾದರೂ ಕೆಲಸದಿಂದ ತೆಗೆದರೆ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ. ಬಂದ ವಾರವೇ ಹೋಗಿ ಮಾತಾಡಿಸಿ, ಒಳ್ಳೆಯದು.

ಇನ್ನು ಸಿಕ್ ಲೀವ್. ಯಾವ ಕಾಯಿಲೆ ಎಂದು ಡಾಕ್ಟರ್ ಕಂಪನಿಗೆ ತಿಳಿಸುವುದಿಲ್ಲ. ನೀವೂ ಕೇಳಬೇಡಿ.

ಆದರೆ ನೀವು ಜಾಸ್ತಿ ಗಮನ ಕೊಡಬೇಕಾದ್ದು ಜರ್ಮನ್ನರ ಕಡೆಗಲ್ಲ. ನಿಮ್ಮ ಟೀಮಿಗೆ ಹೊಸದಾಗಿ ಬರುವ ನಮ್ಮ ಹುಡುಗ ಹುಡುಗಿಯರ ಕಡೆಗೆ. ಅವರಿಗೆ ಕಾನೂನು ಗೊತ್ತಿರುವುದಿಲ್ಲ, ಗೊತ್ತಿದ್ದರೂ ಕೇಳಲು ಭಯ. ಬ್ಲೂ ಕಾರ್ಡ್, ಅಂದರೆ ಇಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿ, ಕೆಲಸದ ಮೇಲೆ ನಿಂತಿರುತ್ತದೆ. ಸಾಮಾನ್ಯವಾಗಿ ಮೊದಲ 6 ತಿಂಗಳು ಪ್ರೊಬೇಷನ್. ಆಗ ಎರಡು ವಾರದ ನೋಟಿಸ್ ಕೊಟ್ಟು ಕಳಿಸಿಬಿಡಬಹುದು. ಇಂಥವರನ್ನು 'ಶುಕ್ರವಾರಕ್ಕೆ ಆಗುತ್ತಾ?' ಎಂದು ಕೇಳಿದರೆ 'ಆಗುತ್ತೆ ಸರ್' ಎಂದೇ ಹೇಳುತ್ತಾರೆ, ಅಲ್ವಾ? ಆಮೇಲೆ ಮನೆಗೆ ಹೋಗಿ, ಗಂಟೆ ಲೆಕ್ಕಕ್ಕೆ ಬರೆಯದೆ, ಮಧ್ಯರಾತ್ರಿವರೆಗೆ ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ. ಅದಕ್ಕೇ 'ಎಷ್ಟು ದಿನ ಬೇಕು? ಇದಕ್ಕಾಗಿ ಕೈಯಲ್ಲಿರುವ ಯಾವ ಕೆಲಸ ಮುಂದೂಡೋಣ?' ಎಂದು ಕೇಳಿ. ಸಂಜೆ ಏಳಕ್ಕೂ ಸುಮ್ನೆ ಕೂತಿದ್ದರೆ ಎಬ್ಬಿಸಿ ಮನೆಗೆ ಕಳಿಸಿ.

ಕೆಲಸ ಚೆನ್ನಾಗಿ ಮಾಡುತ್ತಿದ್ದರೆ ಆರನೇ ತಿಂಗಳವರೆಗೆ ಕಾಯಿಸಬೇಡಿ. ಮೂರನೇ ತಿಂಗಳಲ್ಲೇ ಬಾಯಿಬಿಟ್ಟು ಹೇಳಿ. ದೊಡ್ಡ ಮನೆ ಬಾಡಿಗೆಗೆ ಹಿಡಿಯುವುದು, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು, ಎಲ್ಲಕ್ಕೂ ಆ ಒಂದು ಮಾತಿಗಾಗಿ ಕಾಯುತ್ತಿರುತ್ತಾರೆ.