ಪಾಸ್ಟರ್ ಇಂಥವರಿಗೇ ಓಟು ಹಾಕಿ ಅನ್ನಬಹುದಾ?

ನೀವು ಕೇಳಿರುವುದು ಇಷ್ಟು: ಕೋಲಾರದ ಹತ್ತಿರದ ಹಳ್ಳಿ, ಅರವತ್ತು ಮನೆಯ ಕ್ರೈಸ್ತ ಸಭೆ. ಚುನಾವಣೆ ಬಂತೆಂದರೆ ಸಭೆ ಎರಡು ಪಾಲು. ಪಾಸ್ಟರ್ ಒಬ್ಬರ ಹೆಸರು ಹೇಳಿಬಿಡಲಿ ಎನ್ನುವವರು ಒಂದು ಕಡೆ, ವಿಶ್ವಾಸಿಗಳಿಗೆ ರಾಜಕೀಯವೇ ಬೇಡ ಎನ್ನುವವರು ಇನ್ನೊಂದು ಕಡೆ. ಯಾರು ಸರಿ?

ನನ್ನ ಪ್ರಕಾರ ಇಬ್ಬರೂ ಅಲ್ಲ. ಪಕ್ಷ ಪ್ರಸಂಗಪೀಠದ ಹತ್ತಿರ ಸುಳಿಯಬಾರದು. ಆದರೆ ವಿಶ್ವಾಸಿಗಳು ಗ್ರಾಮ ಸಭೆ ತಪ್ಪಿಸಬಾರದು.

ಮೊದಲು ಕಾನೂನು. ಆರಾಧನಾಲಯದ ಜಾಗವನ್ನು ರಾಜಕೀಯ ಚಟುವಟಿಕೆಗೆ ಬಳಸಲು ಬಿಡಬಾರದು ಎಂದು 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆ ಹೇಳುತ್ತದೆ. ಬಿಟ್ಟರೆ ಸಂಸ್ಥೆ ನಡೆಸುವವರಿಗೆ 5 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಅಭ್ಯರ್ಥಿಯ ಒಪ್ಪಿಗೆಯಿಂದ ಯಾರಾದರೂ ‘ಇವರಿಗೆ ಹಾಕದಿದ್ದರೆ ದೇವರ ಕೋಪ’ ಎಂದು ಹೆದರಿಸಿದರೆ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಅದು ಭ್ರಷ್ಟ ಆಚರಣೆ. ಗೆದ್ದವರ ಆಯ್ಕೆಯೇ ರದ್ದಾಗಬಹುದು.

ಭಾನುವಾರ ಅಭ್ಯರ್ಥಿ ಬಂದೇ ಬರುತ್ತಾರೆ, ಅದೂ ಕೊನೆಯ ಹಾಡಿನ ಹೊತ್ತಿಗೆ ಸರಿಯಾಗಿ. ಓಡಿಸಬೇಕಾಗಿಲ್ಲ. ಎಲ್ಲರ ಜೊತೆ ಕೂರಲಿ. ಮೈಕ್ ಬೇಡ, ಶಾಲು-ಹಾರ ಬೇಡ, ಮುಂದಿನ ಸಾಲೂ ಬೇಡ. ಪ್ರಾರ್ಥನೆ ಕೇಳಿದರೆ, ‘ಕರ್ತನೇ, ಈ ಕ್ಷೇತ್ರದಲ್ಲಿ ನಿಂತಿರುವ ಎಲ್ಲರಿಗೂ, ನಾಳೆ ಅಧಿಕಾರಕ್ಕೆ ಬರುವವರಿಗೂ ನ್ಯಾಯದ ಬುದ್ಧಿ ಕೊಡು’ ಎಂದರೆ ಸಾಕು. 1 ತಿಮೊಥೆ 2ರಲ್ಲಿ ಅಧಿಕಾರದಲ್ಲಿರುವವರೆಲ್ಲರಿಗಾಗಿ ಪ್ರಾರ್ಥಿಸಿ ಎಂದಿದೆಯೇ ಹೊರತು ಒಬ್ಬರ ಗೆಲುವಿಗಾಗಿ ಎಂದಿಲ್ಲ. ಕುರ್ಚಿ, ಸೌಂಡ್ ಸಿಸ್ಟಮ್, ಕಾಂಪೌಂಡಿಗೆ ಸಿಮೆಂಟ್ ಕೊಡುತ್ತೇವೆ ಎಂದರೆ ತೆಗೆದುಕೊಳ್ಳಬೇಡಿ. ಓಟಿಗಾಗಿ ಕೊಟ್ಟವರಷ್ಟೇ ಇಸ್ಕೊಂಡವರೂ ತಪ್ಪಿತಸ್ಥರು.

ಎಲ್ಲಕ್ಕಿಂತ ಅಪಾಯದ್ದು ‘ನಮ್ಮ ಸಭೆಯ ಓಟು ಇಷ್ಟು’ ಎಂದು ಹೆಸರಿನ ಪಟ್ಟಿ ಮಾಡಿ ಕೊಡುವುದು. ನಮ್ಮ ಕಡೆ ಇದಕ್ಕೊಂದು ವಿಶೇಷ ಕಾರಣವಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ; ಕ್ರೈಸ್ತರಾದವರಿಗಿಲ್ಲ. ಕೋಲಾರ ಲೋಕಸಭಾ ಕ್ಷೇತ್ರ, ಅದರೊಳಗಿನ ಕೆಜಿಎಫ್, ಬಂಗಾರಪೇಟೆ, ಮುಳಬಾಗಿಲು ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲು. ಓಟು ಯಾರು ಬೇಕಾದರೂ ಹಾಕಬಹುದು, ನಿಲ್ಲಲು ಮಾತ್ರ ಆ ಸರ್ಟಿಫಿಕೇಟ್ ಬೇಕು. ಆರಾಧನೆಗೆ ಬರುವ ಕೆಲವರ ಕಾಗದದಲ್ಲಿ ಇನ್ನೂ ಹಳೆಯ ಜಾತಿ-ಧರ್ಮವೇ ಇರುತ್ತದೆ. ಅದರ ಸರಿತಪ್ಪು ಬೇರೆ ಮಾತು. ನೀವು ಕೊಟ್ಟ ಪಟ್ಟಿ ಚುನಾವಣೆ ಮುಗಿದ ಮೇಲೂ ಯಾರದೋ ಮೊಬೈಲಿನಲ್ಲಿ ಉಳಿದು, ಅವರ ಮಕ್ಕಳ ಸೀಟಿಗೋ ಕೆಲಸಕ್ಕೋ ತಗಾದೆಯಾಗಿ ತಿರುಗಿ ಬರಬಹುದು. ಸಭೆಯ ರಿಜಿಸ್ಟರ್ ಬೀರುವಿನಿಂದ ಹೊರಗೆ ಬರಬಾರದು.

ಹಾಗಾದರೆ ಮಾಡಬೇಕಾದ್ದೇನು? ಉದಾಹರಣೆಗೆ ಸಮಾಧಿ ಜಾಗ. ಇದಕ್ಕೆ ಶಾಸಕರ ಮನೆ ಬಾಗಿಲು ಕಾಯುವ ಮೊದಲು ಹಳ್ಳಿಯ ಸರ್ಕಾರಿ ಜಮೀನಿನ ಸರ್ವೆ ನಂಬರ್ ಹುಡುಕಿ, ಪಹಣಿ ತೆಗೆಸಿ. ಗ್ರಾಮ ಸಭೆ ವರ್ಷಕ್ಕೆ ಎರಡು ಸಲವಾದರೂ ನಡೆಯಬೇಕು. ತಾರೀಖನ್ನು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಅರ್ಜಿಯಲ್ಲಿ ‘ಕ್ರೈಸ್ತರಿಗೆ ಅನ್ಯಾಯವಾಗಿದೆ’ ಎಂದು ಪುಟಗಟ್ಟಲೆ ಬರೆಯಬೇಡಿ. ‘ಸರ್ವೆ ನಂಬರ್ ಇಂಥದ್ದರಲ್ಲಿ 20 ಗುಂಟೆಯನ್ನು ಸಮಾಧಿಗೆ ಕಾಯ್ದಿರಿಸಲು ತಹಶೀಲ್ದಾರರಿಗೆ ಶಿಫಾರಸು ಮಾಡಬೇಕು’ ಎಂಬ ಒಂದೇ ಸಾಲು ಸಾಕು. ಸಿಎಸ್‌ಐ, ಕ್ಯಾಥೋಲಿಕ್, ಪೆಂಟೆಕೋಸ್ಟ್ ಬೇರೆ ಬೇರೆ ಅರ್ಜಿ ಹಾಕಿದರೆ ಮೂರೂ ಮೂಲೆಗೆ ಬೀಳುತ್ತವೆ; ಒಂದರ ಕೆಳಗೇ ಎಲ್ಲರೂ ಸಹಿ ಹಾಕಿ. ಊರಿನ ಬೇರೆಯವರಿಗೂ ಸ್ಮಶಾನದ ತೊಂದರೆಯಿದ್ದರೆ ಅವರನ್ನೂ ಸೇರಿಸಿಕೊಳ್ಳಿ.

ಸಾಮಾನ್ಯವಾಗಿ ಕೆಲಸ ಕೆಡುವುದು ಆಮೇಲೆ. ಮಾತಾಡಿ, ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಬಂದುಬಿಡುತ್ತಾರೆ. ವಿಷಯ ನಡಾವಳಿ ಪುಸ್ತಕಕ್ಕೆ ಬಿದ್ದಿದೆಯೇ ನೋಡಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ, ನಡಾವಳಿಯ ನಕಲು ಕೇಳಿ. ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಲಿ. 30 ದಿನದಲ್ಲಿ ಉತ್ತರ ಬರಬೇಕು. ಪೌಲನೂ ‘ಕೈಸರನಿಗೆ ಮನವಿ ಮಾಡುತ್ತೇನೆ’ ಎಂದು ತನ್ನ ಪೌರ ಹಕ್ಕನ್ನು ಬಳಸಿಕೊಂಡವನೇ, ರಾಜಕೀಯ ಬೇಡ ಎನ್ನುವವರಿಗೆ ಅಪೊಸ್ತಲರ ಕೃತ್ಯಗಳು 25 ತೋರಿಸಿ.

ವಾಟ್ಸಾಪ್ ಗುಂಪಿಗೆ ಒಂದೇ ನಿಯಮ: ಪ್ರಾರ್ಥನಾ ಗುಂಪಿನಲ್ಲಿ ಪಕ್ಷದ ಫೋಟೋ, ವಿಡಿಯೋ ಬಂದರೆ ಯಾರದಾದರೂ ಸರಿ, ಅಡ್ಮಿನ್ ಅಳಿಸಬೇಕು.

ಹದಿನೆಂಟು ತುಂಬಿದವರಿಗೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಫಾರ್ಮ್ 6, ಮದುವೆಯಾಗಿ ಬೇರೆ ಊರಿಗೆ ಹೋದವರಿಗೆ ವಿಳಾಸ ಬದಲಿಸುವ ಫಾರ್ಮ್ 8 ತುಂಬಿಸುವುದು ಪಕ್ಷದ ಕೆಲಸವಲ್ಲ. ಅದನ್ನು ಯುವಕರ ಸಂಘಕ್ಕೆ ವಹಿಸಿ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಹೀಗೆ ಹದಿನೆಂಟು ತುಂಬಿತೇ ಎಂದು ಲೆಕ್ಕ ಹಾಕುವ ನಾಲ್ಕು ಅರ್ಹತಾ ದಿನಾಂಕಗಳಿವೆ, ಚುನಾವಣೆ ಘೋಷಣೆಯಾಗಲಿ ಎಂದು ಕಾಯಬೇಡಿ.